ಎಲುಬನ್ನು ಏನೆಂದು ಕೇಳಬೇಕು?

ಎಲ್ಲಿ ಗ್ರಿಫಿತ್ಸ್ ಎಂಬ ಇಂಗ್ಲಿಷ್ ಲೇಖಕಿಯ ಹೆಸರು ಕನ್ನಡದಲ್ಲಿ ಬರೆದರೆ ಪ್ರಶ್ನೆಯ ಹಾಗೆ ಕಾಣುತ್ತದೆ. ಪತ್ತೇದಾರಿ ಬರೆಯುವವರಿಗೆ ಅದು ಒಪ್ಪುತ್ತದೆ ಬಿಡಿ. ನಿಜವಾದ ಹೆಸರು ಡೊಮೆನಿಕಾ ಡಿ ರೋಸಾ. 2009ರಲ್ಲಿ ‘ದಿ ಕ್ರಾಸಿಂಗ್ ಪ್ಲೇಸಸ್’ ಎಂಬ ಕಾದಂಬರಿಯಿಂದ ಶುರುಮಾಡಿ, 2023ರಲ್ಲಿ ‘ದಿ ಲಾಸ್ಟ್ ರಿಮೇನ್ಸ್’ ಎಂಬಲ್ಲಿಗೆ ನಿಲ್ಲಿಸಿದರು. ಒಟ್ಟು ಹದಿನೈದು ಪುಸ್ತಕ. ಎಲ್ಲದರಲ್ಲೂ ಒಬ್ಬಳೇ ನಾಯಕಿ: ರೂತ್ ಗ್ಯಾಲೊವೇ. ಇಂಗ್ಲೆಂಡಿನ ನಾರ್ಫೊಕ್ ಕಡಲಂಚಿನ ಉಪ್ಪು ಜವುಗಿನ ಪಕ್ಕ ಒಂಟಿ ಮನೆಯಲ್ಲಿ ಬೆಕ್ಕು ಸಾಕಿಕೊಂಡಿರುವ, ನಲವತ್ತರ ಹತ್ತಿರದ, ದಪ್ಪ ಮೈಯ ಪುರಾತತ್ತ್ವ ಅಧ್ಯಾಪಕಿ. ಎಲುಬು ಓದುವುದು ಅವಳ ವಿದ್ಯೆ. ಜವುಗಿನಲ್ಲಿ ಮಗುವೊಂದರ ಎಲುಬು ಸಿಕ್ಕಾಗ ಹ್ಯಾರಿ ನೆಲ್ಸನ್ ಎಂಬ ಪೊಲೀಸ್ ಅಧಿಕಾರಿ ಅವಳ ಬಾಗಿಲಿಗೆ ಬರುತ್ತಾನೆ. ಹತ್ತು ವರ್ಷದ ಹಿಂದೆ ಕಾಣೆಯಾದ ಹುಡುಗಿಯದೇ ಇದು ಅಂತ ಅವನ ಅಂದಾಜು. ಅವಳು ನೋಡಿ ಹೇಳುತ್ತಾಳೆ, ಇದು ಕಬ್ಬಿಣ ಯುಗದ ಮಗು, ಎರಡು ಸಾವಿರ ವರ್ಷ ಹಳೆಯದು ಅಂತ. ಅವನಿಗೆ ನಿರಾಸೆ, ಅವಳಿಗೆ ಹಬ್ಬ. ಅಲ್ಲಿಂದ ಮಾಲೆ ಹೊರಡುತ್ತದೆ.

ಕನ್ನಡದ ಪತ್ತೇದಾರಿ ಓದುಗರಾದ ನಮಗೆ ಹೆಣ ಹೊಸದೇನಲ್ಲ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಓದಿಯೇ ಎಷ್ಟೋ ಜನ ಓದು ಕಲಿತದ್ದು. ಆದರೆ ಅಲ್ಲಿ ಹೆಣ ಎಂದರೆ ಕತೆ ಶುರುವಾಗಲು ಬೇಕಾದ ಒಂದು ನೆಪ. ಪೊಲೀಸರು ಪಂಚನಾಮೆ ಮಾಡಿ ಹೊತ್ತುಕೊಂಡು ಹೋದರೆ ಮುಗಿಯಿತು, ಆಮೇಲೆ ಎಲ್ಲರ ಕಣ್ಣು ಕೊಲೆಗಾರನ ಮೇಲೆ. ಇತ್ತೀಚೆಗೆ ಕೆ.ಎನ್. ಗಣೇಶಯ್ಯನವರು ಇತಿಹಾಸ, ಶಾಸನ, ಶಿಲ್ಪಗಳನ್ನೇ ಒಗಟು ಮಾಡಿ ಬರೆಯುತ್ತಿದ್ದಾರೆ. ‘ಕನಕ ಮುಸುಕು’ ಓದಿದವರಿಗೆ ಗೊತ್ತು, ಹೊಯ್ಸಳ ಶಿಲ್ಪದ ಕೈಯಲ್ಲಿರುವುದು ಮುಸುಕಿನ ಜೋಳವೇ ಅಲ್ಲವೇ ಎಂಬ ಪ್ರಶ್ನೆಯನ್ನು ಹಿಡಿದು ಅವರು ನಮ್ಮನ್ನು ಎಲ್ಲಿಗೆಲ್ಲ ಓಡಿಸುತ್ತಾರೆ ಅಂತ. ಕತೆಯ ಕೆಳಗೆ ಅಡಿಟಿಪ್ಪಣಿ, ಚಿತ್ರ, ಆಧಾರಗ್ರಂಥ ಕೊಡುವ ಧೈರ್ಯ ಮಾಡಿದ ಬೇರೆ ಜನಪ್ರಿಯ ಲೇಖಕರು ನಮ್ಮಲ್ಲಿ ಕಡಿಮೆ. ಅವರ ಒಂದು ಸಂಕಲನದ ಹೆಸರು ‘ಪದ್ಮಪಾಣಿ’. ಅಜಂತಾದ ಒಂದನೇ ಗುಹೆಯ ಪ್ರಸಿದ್ಧ ಚಿತ್ರದ ಹೆಸರೂ ಅದೇ. ಅಂದರೆ ನಾನು ಈಗ ಹೇಳಹೊರಟಿರುವ ಮರಾಠವಾಡದ ನೆಲ ನಮ್ಮ ಜನಪ್ರಿಯ ಸಾಹಿತ್ಯಕ್ಕೆ ಪೂರ್ತಿ ಅಪರಿಚಿತವೇನೂ ಅಲ್ಲ. ಆದರೂ ಗಣೇಶಯ್ಯನವರ ಕತೆಗಳಲ್ಲಿ ಓಟ ಇರುವುದು ಗುಟ್ಟಿನ ಕಡೆಗೆ, ನಿಧಿಯ ಕಡೆಗೆ. ಹಳೆಯ ಕಾಲದ ಒಬ್ಬ ಸಾಮಾನ್ಯ ಮನುಷ್ಯ, ಅವನಿಗೆ ಏನು ಕಾಯಿಲೆ ಇತ್ತು, ಅವನ ಬೆನ್ನು ಯಾಕೆ ಬಾಗಿತ್ತು ಎಂಬುದರ ಕಡೆಗೆ ಅಲ್ಲ.

ಗ್ರಿಫಿತ್ಸ್ ಮಾಲೆಯ ಗುಣ ಇರುವುದು ಅಲ್ಲೇ. ಎಲುಬು ಎಂದರೆ ಅವಳಿಗೆ ಬದುಕಿದ್ದ ಒಬ್ಬರ ಬಯೋಡೇಟಾ. ಹಲ್ಲು ಯಾವ್ಯಾವುದು ಮೂಡಿದೆ ಎಂದು ನೋಡಿದರೆ ಮಗುವಿನ ವಯಸ್ಸು ತಿಳಿಯುತ್ತದೆ. ದೊಡ್ಡವರಲ್ಲಿ ಗಂಡೋ ಹೆಣ್ಣೋ ಎಂಬುದನ್ನು ಸೊಂಟದ ಎಲುಬು ಹೇಳುತ್ತದೆ. ಮಕ್ಕಳಲ್ಲಿ ಅದೂ ಗೊತ್ತಾಗುವುದಿಲ್ಲ, ಎಲುಬಿನ ಮಟ್ಟಿಗೆ ಮಗು ಬರೀ ಮಗು. ಹಲ್ಲಿನ ಎನಾಮಲ್ ಮೇಲೆ ಅಡ್ಡ ಗೀರು ಇದ್ದರೆ ಆ ಹಲ್ಲು ಬೆಳೆಯುವ ಕಾಲದಲ್ಲಿ ಜ್ವರವೋ ಹಸಿವೋ ಕಾಡಿತ್ತು ಎಂದು ಅರ್ಥ. ಇನ್ನು ಸ್ಟ್ರಾಂಷಿಯಂ ಪರೀಕ್ಷೆ. ಬಾಲ್ಯದಲ್ಲಿ ಉಂಡ ಅನ್ನ, ಕುಡಿದ ನೀರಿನ ಮೂಲಕ ಆ ನೆಲದ ಕಲ್ಲಿನ ಗುರುತು ಹಲ್ಲಿಗೆ ಸೇರುತ್ತದೆ, ಸಾಯುವವರೆಗೂ ಬದಲಾಗುವುದಿಲ್ಲ. ಮಹಾರಾಷ್ಟ್ರದ ಕರಿಕಲ್ಲಿನ ನೆಲದಲ್ಲಿ ಬೆಳೆದವನ ಹಲ್ಲು, ನಮ್ಮ ತುಮಕೂರು–ಕೋಲಾರದ ಗ್ರಾನೈಟ್ ನೆಲದಲ್ಲಿ ಬೆಳೆದವನ ಹಲ್ಲು ಬೇರೆ ಬೇರೆ ಲೆಕ್ಕ ಕೊಡುತ್ತವೆ. ‘ದಿ ಹೌಸ್ ಅಟ್ ಸೀಸ್ ಎಂಡ್’ನಲ್ಲಿ ಕಡಲ ಬಂಡೆಯ ಸಂದಿಯಲ್ಲಿ ಕೈ ಕಟ್ಟಿದ ಆರು ಅಸ್ಥಿಪಂಜರ ಸಿಗುತ್ತವೆ. ಅವರು ಇಂಗ್ಲಿಷರಲ್ಲ, ಎರಡನೇ ಮಹಾಯುದ್ಧದ ಕಾಲದ ಜರ್ಮನ್ನರು ಎಂಬುದು ಇಂಥ ಪರೀಕ್ಷೆಯಿಂದಲೇ ಬಯಲಾಗುವುದು. ಊರಿನವರು ಯುದ್ಧದ ಹೆಮ್ಮೆಯ ಕೆಳಗೆ ಹೂತಿಟ್ಟ ಸಂಗತಿ ಹಲ್ಲಿನಿಂದ ಹೊರಗೆ ಬರುತ್ತದೆ.

ಎರಡನೆಯ ಪುಸ್ತಕ ‘ದಿ ಜೇನಸ್ ಸ್ಟೋನ್’ ಓದುವಾಗ ನನಗೆ ನಾರ್ಫೊಕ್ ಮರೆತೇಹೋಗಿ ಗೋದಾವರಿ ಕಣಿವೆ ನೆನಪಾಗುತ್ತಿತ್ತು. ಕತೆ ಇಷ್ಟು: ನಾರ್ವಿಚ್ ಊರಿನಲ್ಲಿ ಹಳೆಯ ದೊಡ್ಡ ಮನೆಯೊಂದನ್ನು ಕೆಡವಿ ಅಪಾರ್ಟ್‌ಮೆಂಟ್ ಕಟ್ಟಲು ಹೊರಟಿದ್ದಾರೆ. ಹೊಸ್ತಿಲ ಕೆಳಗೆ ತಲೆಬುರುಡೆ ಇಲ್ಲದ ಒಂದು ಮಗುವಿನ ಎಲುಬು. ಹಿಂದಿನ ಕಾಲದಲ್ಲಿ ಬಾಗಿಲು ಕಾಯಲಿ ಎಂದು ಬಲಿ ಕೊಟ್ಟು ಹೂಳುತ್ತಿದ್ದರಂತೆ, ಅದು ಇದೇನಾ? ಅಥವಾ ಮೊನ್ನೆ ಮೊನ್ನೆಯ ಕೊಲೆಯೇ? ಬಿಲ್ಡರ್‌ಗೆ ಅವಸರ, ಪೊಲೀಸರಿಗೆ ಸಂಶಯ, ರೂತ್‌ಗೆ ಮಾತ್ರ ಮಣ್ಣಿನ ಪದರ ಕೆಡದಂತೆ ನೋಡಿಕೊಳ್ಳುವ ಹಟ. ಕೊನೆ ಏನೆಂದು ಹೇಳುವುದಿಲ್ಲ, ಓದಿ.

ಮನೆಯ ಕೆಳಗೆ ಮಗು. ಈ ಸಂಗತಿ ಗೋದಾವರಿ–ಪ್ರವರಾ ಸೀಮೆಯಲ್ಲಿ ಕಾದಂಬರಿಯಲ್ಲ, ದಾಖಲೆ. 1950–51ರಲ್ಲಿ ಎಚ್.ಡಿ. ಸಾಂಕಲಿಯಾ ಮತ್ತು ಎಸ್.ಬಿ. ದೇವ್ ನಾಸಿಕದ ಗೋದಾವರಿ ದಂಡೆಯ ಹಳೆಯ ಮಣ್ಣುಗಢಿಯ ದಿಬ್ಬವನ್ನೂ ಸಂಗಮನೇರ್ ಕಡೆಯ ಜೋರ್ವೆ ಎಂಬ ಹಳ್ಳಿಯನ್ನೂ ಅಗೆದರು. ಕೆಂಪು ಮಡಕೆಯ ಮೇಲೆ ಕಪ್ಪು ಗೆರೆ ಎಳೆಯುತ್ತಿದ್ದ ಆ ತಾಮ್ರಯುಗದ ಜನರಿಗೆ ಆ ಹಳ್ಳಿಯ ಹೆಸರೇ ಉಳಿದುಕೊಂಡಿತು, ಜೋರ್ವೆ ಸಂಸ್ಕೃತಿ ಅಂತ. ಆಮೇಲೆ ನೇವಾಸಾ, ದೈಮಾಬಾದ್. ನಾಸಿಕದಿಂದ ಛತ್ರಪತಿ ಸಂಭಾಜಿನಗರಕ್ಕೆ ಹೋಗುವವರ ಬಲಗಡೆಗೆ ಉಳಿಯುವ ಊರುಗಳು ಇವು. ಇನ್ನೂ ದಕ್ಷಿಣಕ್ಕೆ ಪುಣೆ ಜಿಲ್ಲೆಯ ಇನಾಮಗಾಂವ್. ಡೆಕ್ಕನ್ ಕಾಲೇಜಿನವರು 1968ರಿಂದ 1983ರವರೆಗೆ ಅಲ್ಲಿ ಅಗೆದು ಇನ್ನೂರಕ್ಕೂ ಹೆಚ್ಚು ಸಮಾಧಿ ಕಂಡರು. ಬಹುಪಾಲು ಮಕ್ಕಳದು. ಎರಡು ಮಡಕೆಗಳನ್ನು ಬಾಯಿಗೆ ಬಾಯಿ ಸೇರಿಸಿ ಅಡ್ಡ ಮಲಗಿಸಿ, ಒಳಗೆ ಮಗುವನ್ನಿಟ್ಟು, ವಾಸದ ಮನೆಯ ನೆಲದ ಕೆಳಗೇ ಹೂಳುತ್ತಿದ್ದರು. ಪಕ್ಕದಲ್ಲಿ ಬಟ್ಟಲು, ಗಿಂಡಿ. ನೇವಾಸಾದ ಒಂದು ಮಗುವಿನ ಕೊರಳಲ್ಲಿ ತಾಮ್ರದ ಮಣಿಸರ ಇತ್ತು, ಮಣಿಯ ತೂತಿನಲ್ಲಿ ನೂಲಿನ ಚೂರು ಹಾಗೇ ಉಳಿದಿತ್ತು. ಆ ನೂಲಿಗೆ ಯಾರೋ ಕೂತು ಒಂದೊಂದೇ ಮಣಿ ಪೋಣಿಸಿದ್ದಾರಲ್ಲ, ಅದನ್ನು ಯೋಚಿಸಿ.

ದೊಡ್ಡವರ ಸಮಾಧಿ ಇನ್ನೂ ವಿಚಿತ್ರ. ಉದ್ದಕ್ಕೆ ಅಂಗಾತ ಮಲಗಿಸಿ, ತಲೆ ಉತ್ತರಕ್ಕೆ. ಆದರೆ ಪಾದಗಳನ್ನು ಕಡಿದುಬಿಟ್ಟಿರುತ್ತಾರೆ. ಸತ್ತವರು ಎದ್ದು ನಡೆಯದಿರಲಿ ಎಂಬ ಭಯದಿಂದ ಹೀಗೆ ಮಾಡಿದರು ಎಂದು ಪುರಾತತ್ತ್ವದವರು ವಿವರಿಸಿದ್ದಾರೆ. ನನಗೆ ಈ ವಿವರಣೆ ಪೂರ್ತಿ ಒಪ್ಪಿಗೆಯಾಗಿಲ್ಲ. ಅಷ್ಟು ಭಯ ಇದ್ದವರು ಹೆಣವನ್ನು ಊರ ಹೊರಗೆ ಹಾಕಬಹುದಿತ್ತು, ತಾವು ಮಲಗುವ ನೆಲದ ಕೆಳಗೆ ಯಾಕೆ ಇಟ್ಟುಕೊಂಡರು? ಹೋಗಬೇಡ, ಇಲ್ಲೇ ಇರು ಎಂದು ತಡೆದದ್ದೂ ಆಗಿರಬಹುದಲ್ಲ? ಇನಾಮಗಾಂವ್‌ನಲ್ಲಿ ನಾಲ್ಕು ಕಾಲಿನ ದೊಡ್ಡ ಮಣ್ಣಿನ ವಾಡೆಯೊಳಗೆ ಕುಳ್ಳಿರಿಸಿ ಹೂತ ಒಬ್ಬ ಗಂಡಸಿಗೆ ಮಾತ್ರ ಪಾದಗಳಿವೆ. ಅವನು ಊರಿನ ಮುಖ್ಯಸ್ಥನಿರಬೇಕು ಅಂತ ಒಂದು ಊಹೆ. ನೋಡಿ, ಹದಿನೈದು ಕಾದಂಬರಿಗೆ ಆಗುವಷ್ಟು ಒಗಟು ಇದೊಂದೇ ಕಣಿವೆಯಲ್ಲಿದೆ.

ಈಗ ಒಂದು ಕಲ್ಪನೆ ಮಾಡೋಣ. ನಾಸಿಕದ ಹಳೇ ಊರಿನಲ್ಲಿ ಯಾರೋ ಪಾಯ ತೆಗೆಯುತ್ತಾರೆ. ಎಲುಬು ಬರುತ್ತದೆ. ತಲೆ ಉತ್ತರಕ್ಕೆ, ಕಾಲು ದಕ್ಷಿಣಕ್ಕೆ. ನಮ್ಮ ಓದುಗರಿಗೆ ಇದು ತಟ್ಟನೆ ಹೊಳೆಯುತ್ತದೆ: ಕಿಬ್ಲಾ ಪಶ್ಚಿಮಕ್ಕೆ ಇರುವ ನಮ್ಮ ನಾಡಿನಲ್ಲಿ ಮಯ್ಯತ್ತನ್ನು ಮಲಗಿಸುವುದೂ ಹಾಗೆಯೇ, ಉತ್ತರಕ್ಕೆ ತಲೆ, ಬಲಮಗ್ಗುಲು, ಮುಖ ಪಶ್ಚಿಮಕ್ಕೆ. ಅರ್ಧ ತಿಳಿದವರಿಗೆ ಅಷ್ಟು ಸಾಕು. ಇಲ್ಲಿ ಖಬರಸ್ತಾನ ಇತ್ತು ಎಂದು ಒಬ್ಬ ಹೇಳುತ್ತಾನೆ, ಇಲ್ಲ ಅದಕ್ಕೂ ಮೊದಲು ನಮ್ಮದೇ ಇತ್ತು ಎಂದು ಇನ್ನೊಬ್ಬ. ಸಂಜೆಯೊಳಗೆ ಮೊಬೈಲಿನಲ್ಲಿ ವಿಡಿಯೋ, ರಾತ್ರಿಗೆ ಚಾನೆಲ್ಲಿನಲ್ಲಿ ಚರ್ಚೆ. ಎಲುಬು ಬಲ್ಲವರು ಬಂದು ಬಾಗಿ ನೋಡಿದರೆ ಮಾತ್ರ ಕಾಣುವುದು: ಮುಖ ಮೇಲಕ್ಕಿದೆ, ಪಾದಗಳಿಲ್ಲ, ಪಕ್ಕದಲ್ಲಿ ಕೆಂಪು ಮಡಕೆಯ ಚೂರು. ಮೂರು ಸಾವಿರ ವರ್ಷದ ಹಿಂದಿನ ಮನುಷ್ಯ. ಕಚ್ಚಾಡುತ್ತಿರುವ ಇಬ್ಬರ ಹೆಸರೂ ಅವನಿಗೆ ಗೊತ್ತಿರಲಿಲ್ಲ.

ರೂತ್‌ಳಂಥ ಪಾತ್ರ ಅಲ್ಲಿಗೆ ಬೇಕು ಎನ್ನುವುದು ನನ್ನ ವಾದ. ಯಾಕೆಂದರೆ ಎಲುಬಿಗೆ ಎರಡು ಥರದ ಪ್ರಶ್ನೆ ಕೇಳಬಹುದು. ‘ನೀನು ಯಾರು, ನಿನಗೆ ಏನಾಯಿತು?’ ಎಂದು ಒಂದು. ‘ನೀನು ಯಾರ ಕಡೆ?’ ಎಂದು ಇನ್ನೊಂದು. ಮೊದಲನೆಯದಕ್ಕೆ ಎಲುಬು ಉತ್ತರ ಕೊಡುತ್ತದೆ. ಎರಡನೆಯದಕ್ಕೆ ಕೇಳಿದವನೇ ಉತ್ತರ ಬರೆದುಕೊಳ್ಳಬೇಕು.

ಐದನೇ ಪುಸ್ತಕ ‘ಡೈಯಿಂಗ್ ಫಾಲ್’ (2012) ಈ ವಿಷಯವನ್ನೇ ಹಿಡಿಯುತ್ತದೆ. ಸ್ವಲ್ಪ ಗುಟ್ಟು ಬಿಟ್ಟುಕೊಡುತ್ತೇನೆ, ಕ್ಷಮೆ ಇರಲಿ. ರೂತ್‌ಳ ಹಳೆಯ ಗೆಳೆಯನೊಬ್ಬ ಲ್ಯಾಂಕಷೈರ್‌ನಲ್ಲಿ ಒಂದು ಸಮಾಧಿ ಪತ್ತೆಮಾಡುತ್ತಾನೆ. ಇಂಗ್ಲಿಷರು ತಮ್ಮ ಆದಿವೀರ ಎಂದು ಕೊಂಡಾಡುವ ಆರ್ಥರ್ ರಾಜನದೇ ಇದು ಎಂದು ಅವನ ನಂಬಿಕೆ. ಅವನು ಬೆಂಕಿಯಲ್ಲಿ ಸಾಯುತ್ತಾನೆ. ಬಿಳಿಯರ ಶುದ್ಧರಕ್ತದ ಹುಚ್ಚು ಹಿಡಿದ ಒಂದು ಗುಂಪು ಸುತ್ತ ಸುಳಿಯುತ್ತಿದೆ. ಅವರಿಗೇನು ಭಯ? ಎಲುಬಿನ ಪರೀಕ್ಷೆ ಆ ರಾಜನ ಮೂಲವನ್ನು ಉತ್ತರ ಆಫ್ರಿಕಾದ ಕಡೆ ತೋರಿಸುತ್ತದೆ! ಯಾರ ಹೆಸರಿನಲ್ಲಿ ಧ್ವಜ ಹಿಡಿದಿದ್ದರೋ ಅವನೇ ಅವರ ಲೆಕ್ಕದಲ್ಲಿ ಹೊರಗಿನವನು.

ಇಂಗ್ಲಿಷ್ ಲೇಖಕಿ ಇದಕ್ಕೆ ಕಲ್ಪನೆಯ ಗೋರಿ ಕಟ್ಟಬೇಕಾಯಿತು. ಛತ್ರಪತಿ ಸಂಭಾಜಿನಗರದಿಂದ ಸುಮಾರು 25 ಕಿಲೋಮೀಟರ್ ದೂರದ ಖುಲ್ದಾಬಾದಿನಲ್ಲಿ ನಿಜವಾದ ಗೋರಿಯೇ ಇದೆ. ಮಲಿಕ್ ಅಂಬರನದು. ಇಥಿಯೋಪಿಯಾದಲ್ಲಿ ಹುಟ್ಟಿ, ಮಗುವಾಗಿದ್ದಾಗಲೇ ಗುಲಾಮನಾಗಿ ಮಾರಾಟವಾಗಿ, ಕೈಯಿಂದ ಕೈಗೆ ದಾಟಿ ದಖ್ಖನ್ನಿಗೆ ಬಂದವನು, ಅಹಮದನಗರದ ನಿಜಾಮಶಾಹಿಯ ವಜೀರನಾಗಿ ಮೊಗಲರನ್ನು ಎರಡು ದಶಕ ಕಾಡಿದವನು, 1626ರಲ್ಲಿ ತೀರಿಕೊಂಡನು. ಇವತ್ತಿನ ಸಂಭಾಜಿನಗರಕ್ಕೆ ಬುನಾದಿ ಹಾಕಿದ್ದು ಅವನೇ, 1610ರ ಹೊತ್ತಿಗೆ. ಆಗಿನ ಹೆಸರು ಖಡ್ಕಿ. ನೆಲದಡಿಯ ಕಾಲುವೆಗಳಿಂದ ಊರಿಗೆ ನೀರು ತಂದ ನಹರ್-ಎ-ಅಂಬರಿ ಅವನ ಹೆಸರಿನದೇ. ಮಗ ಫತೇಖಾನ್ ಊರಿಗೆ ಫತೇನಗರ ಎಂದ. 1653ರಲ್ಲಿ ಔರಂಗಜೇಬ ದಖ್ಖನ್ನಿನ ಸುಬೇದಾರನಾಗಿ ಬಂದ ಮೇಲೆ ಔರಂಗಾಬಾದ್ ಆಯಿತು. 2023ರಲ್ಲಿ ಛತ್ರಪತಿ ಸಂಭಾಜಿನಗರ. ಅಗೆತದ ಗೋಡೆಯಲ್ಲಿ ಕಾಣುವ ಪದರಗಳ ಹಾಗೆ ನಾಲ್ಕು ಹೆಸರು. 1624ರ ಭಾತ್ವಡಿ ಯುದ್ಧದಲ್ಲಿ ಮೊಗಲ್ ಮತ್ತು ಬಿಜಾಪುರದ ಜಂಟಿ ಸೈನ್ಯವನ್ನು ಮಲಿಕ್ ಅಂಬರ್ ಸೋಲಿಸಿದಾಗ ಅವನ ಕಡೆ ನಿಂತು ಕಾದಾಡಿದವರಲ್ಲಿ ಶಹಾಜಿ ಭೋಸಲೆ ಇದ್ದರು. ಶಿವಾಜಿಯ ತಂದೆ, ಸಂಭಾಜಿಯ ಅಜ್ಜ. ಈಗ ಊರಿಗೆ ಯಾರ ಹೆಸರಿದೆಯೋ ಅವರ ಅಜ್ಜ, ಊರು ಕಟ್ಟಿದ ಹಬಶಿಯ ದಂಡಿನಲ್ಲಿದ್ದರು. ಒಳ್ಳೆಯ ಪತ್ತೇದಾರಿ ಲೇಖಕರಿಗೆ ಇಷ್ಟು ಸಿಕ್ಕರೆ ನಿದ್ದೆ ಬರುವುದಿಲ್ಲ.

ಅದೇ ಖುಲ್ದಾಬಾದಿನಲ್ಲಿ, ಜೈನುದ್ದೀನ್ ಶಿರಾಜಿಯವರ ದರ್ಗಾದ ಆವರಣದಲ್ಲಿ, ಆಕಾಶಕ್ಕೆ ತೆರೆದ ಔರಂಗಜೇಬನ ಖಬರು ಇದೆ. 2025ರ ಮಾರ್ಚಿನಲ್ಲಿ ಅದನ್ನು ಕಿತ್ತುಹಾಕಬೇಕೆಂಬ ಕೂಗು ಎದ್ದಿತು. ಅದರ ಬೆನ್ನಿಗೆ ಮಾರ್ಚ್ 17ರಂದು ದೂರದ ನಾಗಪುರದಲ್ಲಿ ಗಲಭೆಯಾಯಿತು, ಖಬರಿನ ಪಕ್ಕ ತಗಡಿನ ಮರೆ ಬಂತು, ಪೊಲೀಸ್ ಪಹರೆ ಬಂತು. ಔರಂಗಜೇಬನ ವಕಾಲತ್ತು ನನ್ನ ಕೆಲಸವಲ್ಲ. ಸಂಭಾಜಿಯನ್ನು 1689ರಲ್ಲಿ ಅವನು ಕೊಲ್ಲಿಸಿದ ರೀತಿಗೆ ಸಮರ್ಥನೆ ಇಲ್ಲ, ಆ ನೋವು ಮರಾಠಿ ಮನಸ್ಸಿನಲ್ಲಿ ಇರುವುದು ಸಹಜ. ನಾನು ಕೇಳುತ್ತಿರುವುದು ಬೇರೆ: ಹಾರೆ ಹಿಡಿದು ಹೋಗುವವನಿಗೆ ಆ ಎಲುಬಿನಿಂದ ತಿಳಿಯಬೇಕಾದದ್ದು ಏನಾದರೂ ಇದೆಯೇ? ಏನೂ ಇಲ್ಲ. ರೂತ್ ಹಾರೆಯಲ್ಲಿ ಅಗೆಯುವುದಿಲ್ಲ, ಕರಣೆ ಮತ್ತು ಕುಂಚದಲ್ಲಿ ಮಣ್ಣು ಸರಿಸುತ್ತಾಳೆ. ಅವಳಿಗೆ ಸತ್ತವನು ಒಳ್ಳೆಯವನೋ ಕೆಟ್ಟವನೋ ಎಂಬುದು ಮುಖ್ಯವಲ್ಲ, ಅವನು ಸಾಕ್ಷಿ. ಸಾಕ್ಷಿಯನ್ನು ಕೆಡಿಸಬಾರದು. ಸತ್ತವರ ಎಲುಬಿಗೂ ಬದುಕಿರುವವರ ಎಲುಬಿನ ಮರ್ಯಾದೆಯೇ ಸಲ್ಲಬೇಕು ಎಂಬ ಅರ್ಥದ ಹದೀಸನ್ನು ನಮ್ಮಲ್ಲಿ ಬಹಳ ಜನ ಕೇಳಿರುತ್ತೀರಿ. ದೇವರ ಗೊಡವೆಯೇ ಬೇಡವೆನ್ನುವ ರೂತ್ ಬೇರೆ ದಾರಿಯಿಂದ ಬಂದು ಅದೇ ಜಾಗದಲ್ಲಿ ನಿಲ್ಲುತ್ತಾಳೆ ಎಂಬುದು ನನಗೆ ಈ ಮಾಲೆಯ ಬಹು ದೊಡ್ಡ ಸೆಳೆತ.

ಮರ್ಯಾದೆ ಎಂದರೆ ಮುಟ್ಟಲೇಬಾರದು ಅಂತಲೂ ಅಲ್ಲ. ಕ್ಯಾಥಿ ರೈಕ್ಸ್ ಸ್ವತಃ ವಿಧಿವಿಜ್ಞಾನ ಮಾನವಶಾಸ್ತ್ರಜ್ಞೆ. ಅವರ ‘ಗ್ರೇವ್ ಸೀಕ್ರೆಟ್ಸ್’ (2002) ಗ್ವಾಟೆಮಾಲಾದಲ್ಲಿ ಸೈನಿಕರು ಕೊಂದು ಹಾಕಿದ ಹೆಂಗಸರು ಮಕ್ಕಳ ಎಲುಬನ್ನು ಮಣ್ಣಿನಿಂದ ಎತ್ತುವ ಕೆಲಸದಿಂದ ಶುರುವಾಗುತ್ತದೆ. ಅಲ್ಲಿ ಅಗೆಯುವುದೇ ಮರ್ಯಾದೆ. ಮನೆಯವರು ಹೆಸರಿಟ್ಟು ಮತ್ತೆ ದಫನ ಮಾಡಲಿ ಎಂದು. ಅರ್ಜೆಂಟೀನಾ, ಬೋಸ್ನಿಯಾಗಳಲ್ಲಿ ತಾಯಂದಿರು ದಶಕಗಟ್ಟಲೆ ಕಾದದ್ದೂ ಅದಕ್ಕೇ. ನಮ್ಮ ರಾಜ್ಯದಲ್ಲೇ 2025ರ ಜುಲೈ ಕೊನೆಗೆ ನೇತ್ರಾವತಿ ದಂಡೆಯಲ್ಲಿ ಎಸ್‌ಐಟಿ ಗುಂಡಿ ತೋಡಿಸಿದ್ದನ್ನು ನೀವೆಲ್ಲ ಟಿವಿಯಲ್ಲಿ ನೋಡಿದ್ದೀರಿ. ಪ್ರಕರಣದ ಸತ್ಯಾಸತ್ಯ ಕೋರ್ಟಿಗೆ ಬಿಟ್ಟದ್ದು, ನನಗೆ ಅದರಲ್ಲಿ ಮಾತಿಲ್ಲ. ಆದರೆ ಚಾನೆಲ್ಲುಗಳು ಪಾಯಿಂಟ್ ಒಂದು, ಪಾಯಿಂಟ್ ಎರಡು ಎಂದು ಕ್ರಿಕೆಟ್ ಸ್ಕೋರಿನ ಹಾಗೆ ಕೂಗಿದ್ದು, ಅಲ್ಲಲ್ಲಿ ಹಿಟಾಚಿ ಇಳಿದದ್ದು ನೆನಪಿದೆಯಲ್ಲ? ಕರಾವಳಿಯ ಮುರಕಲ್ಲಿನ ಹುಳಿ ಮಣ್ಣು ಎಲುಬನ್ನು ಬೇಗ ತಿಂದುಹಾಕುತ್ತದೆ. ಅಂಥ ನೆಲದಲ್ಲಿ ಏನೂ ಸಿಗದಿದ್ದರೆ ಏನೂ ಇರಲಿಲ್ಲ ಎನ್ನಲಾಗದು, ಸಿಕ್ಕಿತೆಂದ ಮಾತ್ರಕ್ಕೆ ಕೊಲೆ ಎನ್ನಲೂ ಆಗದು. ಇಷ್ಟು ಸಾಮಾನ್ಯ ಜ್ಞಾನವನ್ನು ಒಂದು ಕನ್ನಡ ಪತ್ತೇದಾರಿ ಮಾಲೆ ನಮಗೆ ಮೊದಲೇ ಕೊಟ್ಟಿದ್ದರೆ ನಾವು ಆ ವಾರ ಬೇರೆ ಥರ ಟಿವಿ ನೋಡುತ್ತಿದ್ದೆವು ಅನ್ನಿಸುತ್ತದೆ.

ಮೆಚ್ಚಿದ್ದನ್ನೇ ಹೇಳಿದೆ, ಇನ್ನು ತಕರಾರು. ಪ್ರಯೋಗಾಲಯದ ಉತ್ತರ ಈ ಕಾದಂಬರಿಗಳಲ್ಲಿ ಕೊರಿಯರ್ ಥರ ಬರುತ್ತದೆ. ಎಫ್‌ಎಸ್‌ಎಲ್ ವರದಿಗೆ ತಿಂಗಳುಗಟ್ಟಲೆ ಕಾಯುವ ನಮಗೆ ನಗು ಬರುತ್ತದೆ. ರೂತ್–ನೆಲ್ಸನ್ ಪ್ರೇಮಪ್ರಕರಣ, ಅವನಿಗೆ ಹೆಂಡತಿ ಮಕ್ಕಳು ಬೇರೆ, ಹದಿನೈದು ಪುಸ್ತಕದ ತನಕ ಎಳೆದದ್ದು ಜಾಸ್ತಿಯಾಯಿತು. ಕತ್ತಲೆಯಲ್ಲಿ ನಾಯಕಿ ಒಬ್ಬಳೇ ಸಿಕ್ಕಿಬೀಳುವ ಕೊನೆಯ ಅಧ್ಯಾಯಗಳು ಒಂದರ ನೆರಳು ಇನ್ನೊಂದು. ಇವೆಲ್ಲ ಚಿಲ್ಲರೆ. ನನ್ನ ದೊಡ್ಡ ತಕರಾರು ಮೊದಲ ಪುಸ್ತಕದ ಕಬ್ಬಿಣ ಯುಗದ ಮಗುವಿನದು. ಕತೆಯನ್ನು ತೆರೆದು ಕೊಟ್ಟವಳು ಅವಳು. ಆದರೆ ಇವತ್ತಿನ ಕೊಲೆಗಾರನ ಬೆನ್ನು ಹತ್ತಿದ ಕೂಡಲೇ ಅವಳು ಹಿಂದಕ್ಕೆ ಸರಿದುಬಿಡುತ್ತಾಳೆ. ಹಳೆಯ ಸತ್ತವರು ವಾತಾವರಣಕ್ಕೆ, ಹೊಸ ಸತ್ತವರು ನ್ಯಾಯಕ್ಕೆ ಎಂಬ ಪಂಕ್ತಿಭೇದ ಮಾಲೆಯುದ್ದಕ್ಕೂ ಇದೆ. ನಾಲ್ಕನೆಯದಾದ ‘ಎ ರೂಮ್ ಫುಲ್ ಆಫ್ ಬೋನ್ಸ್’ನಲ್ಲಿ ಮಾತ್ರ ಲೇಖಕಿ ಇದನ್ನು ಎದುರಿಸುತ್ತಾರೆ. ಇಂಗ್ಲಿಷ್ ಜಮೀನ್ದಾರನ ಖಾಸಗಿ ಮ್ಯೂಸಿಯಮ್ಮಿನಲ್ಲಿ ಆಸ್ಟ್ರೇಲಿಯಾದ ಮೂಲನಿವಾಸಿಗಳ ಬುರುಡೆಗಳಿವೆ, ಅವನ್ನು ಮನೆಗೆ ಕಳಿಸಿ ಎಂದು ಕೇಳುವವರಿದ್ದಾರೆ. ರೂತ್‌ಗೂ ಉತ್ತರ ಸುಲಭವಾಗಿ ಹೊಳೆಯುವುದಿಲ್ಲ. ವಿಜ್ಞಾನಕ್ಕೆ ಬೇಕು ಎನ್ನುವ ಮಾತಿನಲ್ಲಿ ಎಷ್ಟು ಸತ್ಯ ಎಷ್ಟು ಜಂಬ ಎಂದು ಅವಳು ತಡವರಿಸುತ್ತಾಳೆ. ಆ ತಡವರಿಕೆ ನನಗೆ ಕೊಲೆಗಾರ ಸಿಕ್ಕಿಬೀಳುವುದಕ್ಕಿಂತ ಹೆಚ್ಚು ರುಚಿಸಿತು.

ಕವಿರಾಜಮಾರ್ಗದ ಲೆಕ್ಕದಲ್ಲಿ ಗೋದಾವರಿ ಕನ್ನಡನಾಡಿನ ಬಡಗಣ ಅಂಚು. ಎಲ್ಲೋರದ ಕೈಲಾಸ ಕೊರೆಸಿದ್ದು ರಾಷ್ಟ್ರಕೂಟ ಕೃಷ್ಣ. ಹೀಗೆ ಹೇಳಿ ಎದೆಯುಬ್ಬಿಸುವ ಕನ್ನಡ ಬರಹಗಾರರು ಸಾಕಷ್ಟಿದ್ದಾರೆ. ಆ ನೆಲದಿಂದ ಒಬ್ಬ ರಾಜನನ್ನೋ ಒಂದು ನಿಧಿಯನ್ನೋ ಎತ್ತಿಕೊಂಡು ಬರುವ ಬದಲು ಮಡಕೆಯೊಳಗೆ ಮಲಗಿದ ಆ ಮಗುವನ್ನು ನಾಯಕಿ ಮಾಡಿ ಒಂದು ಪತ್ತೇದಾರಿ ಬರೆಯುವವರು ನಮ್ಮಲ್ಲೇ ಯಾರಾದರೂ ಇದ್ದೀರಾ? ಮರಾಠಿ, ದಖನಿ, ಕನ್ನಡ ಮೂರೂ ಬರುವ ಬೀದರ್–ಕಲಬುರಗಿ ಕಡೆಯ ಹುಡುಗಿಯೊಬ್ಬಳು ಎಲುಬಿನ ಪರೀಕ್ಷೆ ಕಲಿತು ನಾಸಿಕಕ್ಕೆ ಹೋದಳು ಅಂತಿಟ್ಟುಕೊಳ್ಳಿ, ಅಷ್ಟರಲ್ಲೇ ಮೊದಲ ಅಧ್ಯಾಯ ಬಂತು.

ಅಲ್ಲಿಯತನಕ ಗ್ರಿಫಿತ್ಸ್ ಓದಿ. ಇಂಗ್ಲಿಷ್ ಸರಳವಾಗಿದೆ, ಪಿಯುಸಿ ಓದುವ ಮಕ್ಕಳಿಗೂ ಕಷ್ಟವಾಗದು. ಕ್ರಮ ತಪ್ಪಿಸಬೇಡಿ, ರೂತ್‌ಳ ಮನೆಯ ಕತೆ ಒಂದರಿಂದ ಇನ್ನೊಂದಕ್ಕೆ ಮುಂದುವರಿಯುತ್ತದೆ. ಪುರುಸೊತ್ತು ಇಲ್ಲದವರು ಮೊದಲ ಐದನ್ನು ಓದಿ ನಿಲ್ಲಿಸಿದರೂ ನಷ್ಟವಿಲ್ಲ.